ನಾಲ್ಕು ಚೀಲ ಬೂಷ್ಟು ನೋಡಿ ತಡೆದ ಪೇಮೆಂಟ್

ನಾನು ದಾವಣಗೆರೆ ಹತ್ರ ಕೋಳಿ ಫೀಡ್ ಮಾಡೋ ಕಡೆ ಕ್ವಾಲಿಟಿ ನೋಡ್ಕೊಳ್ಳೋನು. ಸೀಸನ್ ಬಂತು ಅಂದ್ರೆ ಮೆಕ್ಕೆಜೋಳದ ಲಾರಿಗಳು ಗೇಟ್ ಮುಂದೆ ಸಾಲಾಗಿ ನಿಂತಿರ್ತಾವೆ, ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು, ಮೂಸಿ, ಬೂಷ್ಟು ಐತಾ ನೋಡಿ, ಮಾಯಿಶ್ಚರ್ ಮೀಟರ್‌ಗೆ ಹಾಕಿ ಬರ್ಕೊಳ್ಳೋದು ನಮ್ ಕೆಲಸ.

ಒಂದಿನ ಎರಡು ಲೋಡ್ ಒಟ್ಟಿಗೆ ಬಂದ್ವು, ಒಂದು ಮಾಯಕೊಂಡದ ಕಡೆದು, ಇನ್ನೊಂದು ಜಗಳೂರಿನ ಕಡೆದು. ಎರಡರಲ್ಲೂ 20 ಚೀಲ ನೋಡಿದ್ವಿ. ಮಾಯಕೊಂಡದ್ರಲ್ಲಿ ಬೂಷ್ಟು ಒಂದೂ ಇಲ್ಲ, ಜಗಳೂರಿಂದ್ರಲ್ಲಿ 4. ಎಕ್ಸೆಲ್‌ನಲ್ಲಿ ಕೈ-ಸ್ಕ್ವೇರ್ ಟೆಸ್ಟ್ ಹಾಕ್ದೆ, ಎರಡು ಲೋಡೂ ಒಂದೇ ಥರ ಇದ್ರೂ ಇಷ್ಟು ವ್ಯತ್ಯಾಸ ಸುಮ್ನೆ ಬರೋ ಸಾಧ್ಯತೆ ಎಷ್ಟು ಅಂತ ಅದು ಹೇಳ್ತದೆ. 0.035 ಬಂತು, ಸಾಮಾನ್ಯವಾಗಿ ಗೆರೆ ಅಂತ ಇಟ್ಕೊಳ್ಳೋ 0.05ಕ್ಕಿಂತ ಕಮ್ಮಿ ಐತಲ್ಲ ಅಂತ ಜಗಳೂರಿನ ಮಾಲೇ ಕೆಟ್ಟದ್ದು ಅಂತ ರಿಪೋರ್ಟ್ ಕೊಟ್ಟೆ. ಆ ವರ್ತಕರ ಪೇಮೆಂಟ್ ನಿಂತೋಯ್ತು. ಮಾರನೇ ದಿನ ಬೆಳಿಗ್ಗೆನೇ ಬಂದ್ರು, "ಸಾರ್, ನಾಲ್ಕು ಚೀಲ ನೋಡಿ ಹಿಂಗಂದ್ರೆ ಹೆಂಗೆ, ನಾನು ರೈತರಿಗೆ ದುಡ್ಡು ಕೊಡಬೇಕು" ಅಂದ್ರು. ನನ್ನತ್ರ ಉತ್ತರ ಇರ್ಲಿಲ್ಲ.

ಅವತ್ತು ಸಂಜೆ ಕೂತು ಮತ್ತೆ ಲೆಕ್ಕ ಹಾಕಿದೆ. 40 ಚೀಲಕ್ಕೆ 4 ಬೂಷ್ಟು ಅಂದ್ರೆ ಎರಡು ಲೋಡೂ ಒಂದೇ ಥರ ಇದ್ರೆ ಒಂದೊಂದ್ರಲ್ಲಿ ನಿರೀಕ್ಷೆ ಬರೀ 2. ಕೈ-ಸ್ಕ್ವೇರ್ ಅನ್ನೋದು ಅಂದಾಜಿನ ಲೆಕ್ಕ, ನಿರೀಕ್ಷಿತ ಎಣಿಕೆ 5ಕ್ಕಿಂತ ಕೆಳಗೆ ಹೋದ್ರೆ ಅದನ್ನ ನಂಬೋದು ಕಷ್ಟ. ಇಂಥಲ್ಲಿ ಫಿಶರ್ ಎಕ್ಸಾಕ್ಟ್ ಟೆಸ್ಟ್ ಬೇಕು, ಅದ್ರಲ್ಲಿ ಅಂದಾಜೇ ಇಲ್ಲ, ಎಣಿಸೋದೇ. 40 ಚೀಲದಲ್ಲಿ ಕೆಟ್ಟಿರೋ 4 ಯಾವ್ಯಾವು ಆಗಬಹುದು ಅಂದ್ರೆ 91,390 ರೀತಿ. ನಾಲ್ಕೂ ಜಗಳೂರಿನ 20ರಲ್ಲೇ ಬೀಳೋ ರೀತಿ 4,845. ಭಾಗಿಸಿದ್ರೆ 0.053. ನಾಲ್ಕೂ ಮಾಯಕೊಂಡದ್ರಲ್ಲೇ ಸಿಕ್ಕಿದ್ರೂ ನಾನು ಹಿಂಗೇ ರಿಪೋರ್ಟ್ ಬರೀತಿದ್ದೆ, ಅದಕ್ಕೆ ಆ ಕಡೆದನ್ನೂ ಸೇರಿಸ್ಬೇಕು, ಆಗ 0.106. ಅಂದ್ರೆ ಎರಡು ಲೋಡೂ ಒಂದೇ ಥರ ಇದ್ರೂನೂ ಹತ್ತರಲ್ಲಿ ಒಂದು ಸಲ ಹಿಂಗೆ ಆಗ್ತದೆ. ಇಷ್ಟು ಇಟ್ಕೊಂಡು ಒಬ್ಬರ ದುಡ್ಡು ತಡೀಬಾರ್ದಿತ್ತು.

ಮರುದಿನ ಎರಡರಲ್ಲೂ ಇನ್ನೂ 40 ಚೀಲ ನೋಡಿದ್ವಿ. ಒಟ್ಟು 60ಕ್ಕೆ ಮಾಯಕೊಂಡದ್ದು 2, ಜಗಳೂರಿಂದು 5, ಅದೇ ಟೆಸ್ಟ್‌ನಲ್ಲಿ 0.44. ಆ ಬೂಷ್ಟಿನ ಚೀಲ ಬದಿಗಿಟ್ಟು, ಉಳಿದಿದ್ದಕ್ಕೆ ಪೇಮೆಂಟ್ ಬಿಡಿಸಿದೆ, ವರ್ತಕರಿಗೆ ಫೋನ್ ಮಾಡಿ ನನ್ನ ಲೆಕ್ಕ ತಪ್ಪಾಗಿತ್ತು ಅಂತ ಹೇಳ್ದೆ.

ಸೊನ್ನೆ ಬಂದಾಗಲೂ ಹುಷಾರಾಗಿರ್ಬೇಕು. 20 ಚೀಲದಲ್ಲಿ 2 ಕೆಟ್ಟಿದ್ದು, ನಾವು 5 ಮಾತ್ರ ನೋಡಿದ್ರೆ, ಆ ಎರಡೂ ನಾವು ಮುಟ್ಟದ 15ರಲ್ಲೇ ಉಳಿಯೋ ಸಾಧ್ಯತೆ 15/20 ಗುಣಿಸು 14/19, ಅಂದ್ರೆ 55%. ಅರ್ಧಕ್ಕಿಂತ ಹೆಚ್ಚು ಸಲ ನಾವು "ಮಾಲು ಚೆನ್ನಾಗೈತೆ" ಅಂತ ಸೈನ್ ಹಾಕ್ತೀವಿ!

ಇನ್ನೊಂದು, ಇದನ್ನ ಯಾವ ಟೆಸ್ಟೂ ಸರಿ ಮಾಡಲ್ಲ: ಹಮಾಲರು ಕೈಗೆ ಸಿಗೋ ಅಂಚಿನ ಚೀಲಾನೇ ಇಳಿಸಿಕೊಡ್ತಾರೆ, ನೀರು ಇಳಿದಿರೋದು ಒಳಗಿನ ಅಟ್ಟಿಲಿ ಇರ್ಬಹುದು. ಈಗ ಚೀಲಕ್ಕೆ ನಂಬರ್ ಹಾಕಿ ಡಬ್ಬದಿಂದ ಚೀಟಿ ಎತ್ತುತೀವಿ, ಮಧ್ಯದ ನಂಬರ್ ಬಂದ್ರೆ ಹತ್ತಿಪ್ಪತ್ತು ಚೀಲ ಸರಿಸ್ಬೇಕು, ಅದಕ್ಕೆ ಬೇರೆ ಕೂಲಿ ಕೊಡ್ತೀವಿ.