ಎಂಟು ಗಂಟೆಯ ದರ

ಅಪ್ಪನ ಫೋನು ಬಂದಾಗ ಎಂಟೂ ಹತ್ತು. "ಏನಮ್ಮಾ, ರೇಟೇ ತೆರೀತಿಲ್ಲ. ಕೂಲಿಯವರು ತೋಟದಲ್ಲಿ ನಿಂತವ್ರೆ. ಕಿತ್ತಿದ್ದು ಕೋಲಾರಕ್ಕೆ ಹಾಕ್ಲಾ, ಮದನಪಲ್ಲಿಗಾ?"

ಮುಳಬಾಗಿಲ ಕಡೆ ಟೊಮ್ಯಾಟೊ ಬೆಳೆಯುವವರಿಗೆ ಇದು ದಿನಾ ಬೆಳಗಿನ ಲೆಕ್ಕ. 15 ಕೆ.ಜಿ. ಬಾಕ್ಸಿಗೆ ಮೂವತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಗಾಡಿ ಆ ಕಡೆ ತಿರುಗುತ್ತದೆ. ಆ ದರ ತೋರಿಸುವ ಆ್ಯಪಿನ ಸರ್ವರ್ ನೋಡಿಕೊಳ್ಳುವವಳು ನಾನು.

ಸಿಪಿಯು ಬಳಕೆ ಸರಾಸರಿ 50% ಆಸುಪಾಸಿನಲ್ಲಿರಲಿ ಎಂದು, ಅದಕ್ಕೆ ತಕ್ಕಂತೆ ಸರ್ವರ್ ಯಂತ್ರಗಳನ್ನು ತಾನೇ ಏರಿಸಿ ಇಳಿಸುವ ಟಾರ್ಗೆಟ್ ಟ್ರ್ಯಾಕಿಂಗ್ ಪಾಲಿಸಿ ಹಾಕಿದ್ದೆ. ನಿಧಾನವಾಗಿ ಏರುವ ಬಳಕೆಗೆ ಅದು ಸಾಕು. ನಮ್ಮಲ್ಲಿ ಎಂಟಕ್ಕೆ ದರ ಹಾಕಿದೊಡನೆ ಎಲ್ಲರೂ ಒಟ್ಟಿಗೇ ತೆರೆಯುತ್ತಾರೆ. ಮಿತಿ ಸತತ ಮೂರು ನಿಮಿಷ ಮೀರಿದ ಮೇಲೇ ಅಲಾರಂ. ಹೊಸ ಯಂತ್ರ ಎದ್ದು, ಆ್ಯಪ್ ಶುರುವಾಗಿ, ಹೆಲ್ತ್ ಚೆಕ್ (ಕೆಲಸಕ್ಕೆ ಸಿದ್ಧವೇ ಎಂಬ ಪರೀಕ್ಷೆ) ದಾಟಲು ಇನ್ನೂ ನಾಲ್ಕು. ಅಷ್ಟರಲ್ಲಿ ಬೇಕಾದವರೆಲ್ಲ ಖಾಲಿ ಪರದೆ ನೋಡಿ ಹೋಗಿರುತ್ತಾರೆ. ಮಂಡಿಯಲ್ಲಿ ಗಾಡಿ ಬಂದ ಮೇಲೆ ಹಮಾಲರನ್ನು ಹುಡುಕುವುದಿಲ್ಲ, ಅವರು ಮೊದಲೇ ಬಂದಿರುತ್ತಾರೆ.

ಹಾಗಾಗಿ ಹೇಳಿದ ಹೊತ್ತಿಗೆ ತಾನೇ ನಡೆಯುವ ಶೆಡ್ಯೂಲ್ಡ್ ಆ್ಯಕ್ಷನ್ ಸೇರಿಸಿದೆ: 7:40ಕ್ಕೆ ಯಂತ್ರಗಳ ಮಿನಿಮಮ್ ಸಂಖ್ಯೆ 1ರಿಂದ 3. ಮರುದಿನವೂ ಅದೇ ಗೋಳು. ಲಾಗ್ ತೆಗೆದರೆ, ಯಂತ್ರಗಳು ಎದ್ದದ್ದು ಮಧ್ಯಾಹ್ನ 1:10ಕ್ಕೆ. ನಮ್ಮ ಸರ್ವರ್ ಇರುವ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನಲ್ಲಿ ಟೈಮ್‌ಝೋನ್ ಹೇಳದಿದ್ದರೆ ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೇ ಓದುತ್ತದೆ. ನಾವು ಐದೂವರೆ ಗಂಟೆ ಮುಂದೆ. 'ಏಷ್ಯಾ/ಕೋಲ್ಕತಾ' ಎಂದು ಬರೆದ ಮೇಲೆ ಸರಿಹೋಯಿತು.

ಯಂತ್ರಗಳ ಮ್ಯಾಕ್ಸಿಮಮ್ 10 ಇಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಒಂದೊಂದು ಯಂತ್ರವೂ ಡೇಟಾಬೇಸಿನಲ್ಲಿ 20 ಕನೆಕ್ಷನ್ ಹಿಡಿಯುತ್ತದೆ. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಸೆಟ್ಟಿಂಗ್ ಮುಟ್ಟದಿದ್ದರೆ ಇರುವುದೇ 100, ಅದರಲ್ಲಿ 3 ಅಡ್ಮಿನ್‌ಗೆ ಮೀಸಲು. ಐದನೇ ಯಂತ್ರಕ್ಕೆ ಪೂರ್ತಿ ಸಿಗದು, ಆರನೆಯದಕ್ಕೆ ಒಂದೂ ಇಲ್ಲ. ಆ ಯಂತ್ರದ ಪಾಲಿಗೆ ಬಿದ್ದ ರೈತರಿಗೆಲ್ಲ ಎರರ್. ಈಗ ಮ್ಯಾಕ್ಸಿಮಮ್ 4.

ಇಳಿಸುವಾಗ ಅವಸರ ಮಾಡುವುದಿಲ್ಲ. 11ಕ್ಕೆ ಮಿನಿಮಮ್ ಅನ್ನಷ್ಟೇ 1ಕ್ಕೆ ತರುತ್ತೇನೆ, ಡಿಸೈರ್ಡ್ ಸಂಖ್ಯೆ (ಆ ಹೊತ್ತಿಗೆ ಎಷ್ಟು ಯಂತ್ರ ಓಡಬೇಕು ಎಂಬುದು) ಮುಟ್ಟುವುದಿಲ್ಲ. ಬಳಕೆ ನಿಜವಾಗಿ ತಗ್ಗಿದ್ದರೆ ಪಾಲಿಸಿಯೇ ಕಾಲು ಗಂಟೆ ನೋಡಿ ಯಂತ್ರ ಇಳಿಸುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಬಾಕ್ಸಿನ ದರ ಎರಡು ಸಾವಿರ ರೂಪಾಯಿ ದಾಟಿದಾಗ ಜನ ಮಧ್ಯಾಹ್ನದವರೆಗೂ ದರ ನೋಡುತ್ತಲೇ ಇದ್ದರು. ಗಡಿಯಾರ ನೋಡಿ ಆರಿಸಿಬಿಟ್ಟಿದ್ದರೆ ಅಪ್ಪನ ಫೋನು ಮತ್ತೆ ಬರುತ್ತಿತ್ತು.