ಗಿಡಕ್ಕೆ ಏನ್ ಹಾಕ್ತೀರಿ?

ಏನೂ ಹಾಕುವುದಿಲ್ಲ.

ಇಷ್ಟಕ್ಕೇ ಬಿಟ್ಟುಬಿಡೋಣ ಅಂತಿದ್ದೆ. ಆದರೆ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾನೆ ಅನ್ನುವ ಮುಖ ಮಾಡುತ್ತಾರೆ. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರಿನ ಮಾಮೂಲಿ 30–40 ಸೈಟಿನ ಮನೆ ನಮ್ಮದು. ಮುಂದೆ ನಾಲ್ಕು ಅಡಿ ಅಗಲದ ಮಣ್ಣು, ತಾರಸಿಯಲ್ಲಿ ಮೂವತ್ತು ಚಿಲ್ಲರೆ ಕುಂಡ. ಮಾರ್ಚ್ ಬಂತೆಂದರೆ ಗೇಟಿನ ಪಕ್ಕದ ಮಲ್ಲಿಗೆ ಮೈತುಂಬ ಮೊಗ್ಗು ಬಿಡುತ್ತದೆ, ಕರಿಬೇವು ಚಿಗುರುತ್ತದೆ, ದೊಡ್ಡಪತ್ರೆ ಕುಂಡದ ಅಂಚು ದಾಟಿ ಇಳಿಯುತ್ತದೆ. ಆಗ ಶುರು. ದಿನಕ್ಕೆ ಒಬ್ಬರಾದರೂ ಗೇಟಿನ ಹತ್ತಿರ ನಿಂತು ಕೇಳುತ್ತಾರೆ, "ಏನ್ ಹಾಕ್ತೀರಿ?"

ಕೇಳುವ ಧಾಟಿ ನೋಡಿ. ಹೇಗೆ ಬೆಳೆಸಿದ್ರಿ ಅಂತಲ್ಲ, ಯಾವಾಗ ನೆಟ್ರಿ ಅಂತಲ್ಲ. ಏನ್ ಹಾಕ್ತೀರಿ! ಬಿಸಿಬೇಳೆ ಬಾತಿಗೆ ಯಾವ ಪುಡಿ ಅಂತ ಕೇಳಿದ ಹಾಗೆ. ಅದೂ ನನ್ನನ್ನು ಕೇಳುವುದಿಲ್ಲ. ಪೈಪು ಹಿಡಿದು, ಪಂಚೆ ಎತ್ತಿ ಕಟ್ಟಿ, ಕೆಸರು ಕಾಲಲ್ಲಿ ನಿಂತಿರುವವನು ನಾನು. ಅವರು ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ, "ಅಮ್ಮಾ, ನಿಮ್ಮ ಕೈಗುಣ ಚೆನ್ನಾಗಿದೆ ಬಿಡಿ" ಅನ್ನುತ್ತಾರೆ. ನನ್ನ ಹೆಂಡತಿ ಈ ಹತ್ತು ವರ್ಷದಲ್ಲಿ ಗಿಡಕ್ಕೆ ನೀರು ಹಾಕಿದ್ದು ನನಗೆ ಜ್ವರ ಬಂದಾಗ ಮಾತ್ರ. ಆದರೂ ನಗುತ್ತಾ ತಲೆಯಾಡಿಸುತ್ತಾಳೆ.

ಹೀಗೆ ಕೇಳುವವರಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರಿದ್ದಾರೆ. ಬೆಳಿಗ್ಗೆ ವಾಕಿಂಗ್. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಬೀದಿಯಲ್ಲಿ ಕಾಂಪೌಂಡಿನಿಂದ ಆಚೆ ಬಗ್ಗಿದ ಹೂವೆಲ್ಲ ಅವರ ಮನೆ ದೇವರಿಗೆ. ನಮ್ಮ ನಂದಿಬಟ್ಟಲು, ದಾಸವಾಳ ಎರಡೂ ಅವರದೇ ಅಂತ ನಾವು ಒಪ್ಪಿಕೊಂಡು ವರ್ಷಗಳಾದವು. ಕಿತ್ತು ಕವರಿಗೆ ಹಾಕಿಕೊಳ್ಳುತ್ತಲೇ ಕೇಳುತ್ತಾರೆ, "ಏನ್ ಹಾಕ್ತೀರ್ರೀ ಇದಕ್ಕೆ?"

ಇದೇ ಮೇಷ್ಟ್ರು ಹೋದ ಜನವರಿಯಲ್ಲಿ ಗೇಟಿನ ಮುಂದೆ ಕೋಲೂರಿ ನಿಂತುಬಿಟ್ಟಿದ್ದರು. ಸಂಕ್ರಾಂತಿ ಕಳೆದು ಮೂರನೆಯ ದಿನ. ನಾನು ಮಲ್ಲಿಗೆಗೆ ಕತ್ತರಿ ಹಾಕುತ್ತಿದ್ದೆ. ಸೊಂಟದುದ್ದ ಬೆಳೆದಿದ್ದ ಪೊದೆಯನ್ನು ನೆಲದಿಂದ ಒಂದೂವರೆ ಅಡಿ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಿ, ಉಳಿದ ಕಡ್ಡಿಗಳ ಎಲೆಯನ್ನೂ ಒಂದೊಂದಾಗಿ ಕೀಳುತ್ತಿದ್ದೆ. ಅದಕ್ಕೂ ಮೊದಲೇ ಡಿಸೆಂಬರಿನಿಂದ ನೀರು ಕಡಿಮೆ ಮಾಡಿದ್ದೆ. ನೋಡಲು ಗಿಡ ಸತ್ತ ಹಾಗೇ ಇತ್ತು.

"ಅಯ್ಯೋ! ಇದೇನ್ರೀ ಹಿಂಗೆ ಬೋಳಿಸಿಬಿಟ್ರಿ? ಹಬ್ಬ ಮುಗಿದು ಎರಡು ದಿನ ಆಗಿಲ್ಲ, ಅಪಶಕುನ ಇದ್ದ ಹಾಗಿದೆ."

"ಚಿಗುರುತ್ತೆ ಸಾರ್."

"ಎಲ್ಲಿ ಚಿಗುರುತ್ತೆ? ನೀರಾದ್ರೂ ಹಾಕಿ ಪಾಪ." ಆಮೇಲೆ ಬಾಗಿಲ ಕಡೆ ತಿರುಗಿ, "ಅಮ್ಮಾ, ಇವರ ಕೈಗೆ ಕತ್ತರಿ ಕೊಡಬೇಡಿ!"

ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಹಳೆಯ ಕಡ್ಡಿಯಲ್ಲಲ್ಲ. ಎಷ್ಟು ಹೊಸ ಚಿಗುರೋ ಅಷ್ಟು ಹೂವು. ಕತ್ತರಿಸದೆ ಬಿಟ್ಟರೆ ಗಿಡ ಉದ್ದುದ್ದ ಹೋಗಿ ತುದಿಯಲ್ಲಿ ನಾಲ್ಕು ಹೂವು ಬಿಟ್ಟು ಸುಮ್ಮನಾಗುತ್ತದೆ. ಕತ್ತರಿಸಿ ಹದಿನೈದು ದಿನಕ್ಕೆ ಒಂದೊಂದು ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಹಸಿರು ಚುಕ್ಕಿ ಕಾಣುತ್ತವೆ, ಅಕ್ಕಿಕಾಳಿನ ಮೂತಿಯಷ್ಟು. ಅವೇ ರೆಂಬೆಯಾಗುತ್ತವೆ. ಯುಗಾದಿ ಹೊತ್ತಿಗೆ ಅವುಗಳ ತುದಿಯಲ್ಲಿ ಮೂರು ಮೂರು ಮೊಗ್ಗಿನ ಗೊಂಚಲು. ಮೂರರಲ್ಲಿ ನಡುವಿನದು ಮೊದಲು ದಪ್ಪವಾಗಿ ಅರಳುತ್ತದೆ, ಅಕ್ಕಪಕ್ಕದವು ಕಾಯುತ್ತವೆ. ಇದನ್ನು ನೋಡಲು ಕಣ್ಣು ಗಿಡದ ಮಟ್ಟಕ್ಕೆ ತರಬೇಕು, ಮಂಡಿ ನೋವು ಇದ್ದವರಿಗೆ ಕಷ್ಟ.

ಹಾಗಾಗಿ ನನ್ನ ಉತ್ತರ, ಸ್ವಾಮೀ: ಹಾಕುವುದಲ್ಲ, ತೆಗೆಯುವುದು. ಮಲ್ಲಿಗೆಗೆ ಕೊಂಬೆ ತೆಗೆಯುತ್ತೇನೆ. ಕಾಮಕಸ್ತೂರಿಗೂ ತುಳಸಿಗೂ ತೆನೆ ಬಂದ ಕೂಡಲೇ ಚಿವುಟುತ್ತೇನೆ, ಇಲ್ಲದಿದ್ದರೆ ಬೀಜ ಕಟ್ಟಿ ಎಲೆ ನಿಲ್ಲಿಸಿಬಿಡುತ್ತವೆ. (ತುಳಸಿಯನ್ನು ಮಂಗಳವಾರ, ಶುಕ್ರವಾರ ಮುಟ್ಟುವ ಹಾಗಿಲ್ಲ. ಅದು ನಮ್ಮಮ್ಮನ ಕಾನೂನು.) ಪುದೀನವನ್ನು ಬುಡದವರೆಗೂ ಕತ್ತರಿಸಿ ಚಟ್ನಿ ಮಾಡಿ ತಿನ್ನುತ್ತೇವೆ.

ಪೂರ್ತಿ ಏನೂ ಹಾಕುವುದಿಲ್ಲ ಅಂದರೆ ಅದೂ ಸುಳ್ಳೇ. ಕತ್ತರಿಸಿದ ಮೇಲೆ ಬುಡ ಬಿಡಿಸಿ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಮೊದಲೆಲ್ಲ ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ ಹಾಕುತ್ತಿದ್ದೆ. ಅದರ ವಾಸನೆಗೆ ಪಕ್ಕದ ಮನೆಯವರು ತಮ್ಮ ಚರಂಡಿ ಕಟ್ಟಿದೆ ಅಂತ ಜನ ಕರೆಸಿ, ಅಂಗಳದ ಕಲ್ಲು ಎಬ್ಬಿಸಿ ನೋಡಿದರು. ನಾನು ಮಾತಾಡಲಿಲ್ಲ. ಆವತ್ತಿನಿಂದ ಹಿಂಡಿ ನೆನೆಸುವುದು ಬಿಟ್ಟಿದ್ದೇನೆ. ಅವರು ಇದನ್ನು ಓದುತ್ತಿದ್ದರೆ, ಕ್ಷಮಿಸಿ.

ಇನ್ನು ಕಾಫಿ ಚರಟ, ಈರುಳ್ಳಿ ಸಿಪ್ಪೆ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಅಂತ ದಿನಕ್ಕೊಂದು ವೀಡಿಯೊ ಕಳಿಸುವವರಿಗೆ: ನಿಮ್ಮ ಗಿಡ ಹೇಗಿದೆ? ಫೋಟೋ ಕಳಿಸಿ.

ನಿಜ ಹೇಳಬೇಕೆಂದರೆ ನನ್ನನ್ನು ಬೇರೆ ಪ್ರಶ್ನೆ ಕೇಳಬೇಕು. "ಏನೇನು ಸತ್ತಿತು?" ಅಂತ. ಇದನ್ನು ಯಾರೂ ಕೇಳಿಲ್ಲ. ಕೇಳಿದರೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟು ಹೇಳುತ್ತೇನೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಆಸೆಬಿದ್ದು ತಂದ ಲ್ಯಾವೆಂಡರ್ ಎರಡು ಸಲ ಸತ್ತಿತು. ಎರಡು ಸಲವೂ ಮಳೆಗಾಲದಲ್ಲಿ, ಬೇರು ಕೊಳೆತು. ತಪ್ಪು ಅದರದಲ್ಲ. ಆದರೆ ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ದವನ. ನಮ್ಮ ಕಡೆಯದೇ ಗಿಡ, ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತ ಹೆಸರೇ ಇದೆ. ಆದರೂ ನನಗೆ ಒಲಿಯಲಿಲ್ಲ. ನವೆಂಬರಿನಲ್ಲಿ ಬಿತ್ತಬೇಕು, ಚಳಿಯಲ್ಲಿ ಬೆಳೆಯಬೇಕು, ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂವಿಗೆ ಬಂದು ಅಲ್ಲಿಗೆ ಅದರ ಆಯಸ್ಸು ಮುಗಿಯುತ್ತದೆ. ಬೀಜವೋ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಸಣ್ಣದು. ಮೊದಲ ವರ್ಷ ಬಿಂದಿಗೆಯಲ್ಲಿ ನೀರು ಹುಯ್ದು ಬೀಜವನ್ನೇ ತೊಳೆದುಬಿಟ್ಟೆ. ಎರಡನೆಯ ವರ್ಷ ಇರುವೆ. ಮೂರನೆಯ ವರ್ಷ ಚೆನ್ನಾಗಿ ಮೊಳೆತವು, ಬೆರಳುದ್ದ ಆದವು. ಒಂದು ದಿನ ಬೆಳಿಗ್ಗೆ ನೋಡಿದರೆ ಬುಡ ಕೊಳೆತು ಸಾಲಾಗಿ ಮಲಗಿದ್ದವು. ನೀರು ಜಾಸ್ತಿ ಆಗಿತ್ತು. ನೋಡಿ, ಮತ್ತೆ ಹಾಕಿದ್ದರಿಂದಲೇ ಕೆಟ್ಟದ್ದು.

ಸತ್ತಿತು ಅಂದುಕೊಂಡು ಸಾಯದೆ ಇದ್ದದ್ದೂ ಒಂದಿದೆ. ಮನೆಗೆ ಬಣ್ಣ ಹೊಡೆಸಿದ ವರ್ಷ, ಮೊದಲ ಮಹಡಿಯ ಗ್ರಿಲ್ಲಿಗೆ ಹಬ್ಬಿದ್ದ ಅಮೃತಬಳ್ಳಿಯನ್ನು ಬಣ್ಣದವನು ಬುಡದಲ್ಲೇ ಕತ್ತರಿಸಿಬಿಟ್ಟಿದ್ದ. ಜನವರಿಯಲ್ಲಿ ಎಲೆ ಉದುರಿ ಹಗ್ಗದ ಹಾಗೆ ಕಾಣುತ್ತಿತ್ತಲ್ಲ, ಅವನದೂ ತಪ್ಪಲ್ಲ. ಮೇಲಿನದನ್ನು ಎಳೆದು ತೆಗೆಯಲು ನನಗೆ ಸೋಮಾರಿತನ. ಏಪ್ರಿಲ್‌ನಲ್ಲಿ ಎರಡು ಮಳೆ ಬಿತ್ತು. ಒಂದು ವಾರ ಬಿಟ್ಟು ನೋಡಿದರೆ ಗ್ರಿಲ್ಲಿನಿಂದ ಶಾವಿಗೆಯಂಥ ಎಳೆಗಳು ಇಳಿಯುತ್ತಿದ್ದವು. ಬೇರು! ದಿನಾ ಒಂದಿಷ್ಟು ಕೆಳಗೆ ಬರುತ್ತಿದ್ದವು. ಎರಡು ಎಳೆ ಗಾಳಿಗೆ ಕಡಿದುಹೋದವು. ಒಂದು ಕಿಟಕಿಯ ಸಜ್ಜಾದ ಅಂಚು ಸುತ್ತಿಕೊಂಡು ಬಂದು ನೆಲ ಮುಟ್ಟಿತು. ಈಗಿರುವ ಬಳ್ಳಿ ಆ ಒಂದು ಎಳೆಯದೇ. ಅದಕ್ಕೆ ಏನ್ ಹಾಕಿದ್ದೆ? ಹೇಳಿ ನೋಡೋಣ.

ಈ ಯುಗಾದಿಗೂ ದವನ ದೇವರಾಜ ಮಾರುಕಟ್ಟೆಯಿಂದಲೇ ಬಂತು. ಮಲ್ಲಿಗೆ ಮಾತ್ರ ಮನೆಯದು. ಎರಡನ್ನೂ ಸೇರಿಸಿ ಹೆಂಡತಿ ಮಾಲೆ ಕಟ್ಟಿದಳು. ಮಿಕ್ಕ ದವನದ ಕಡ್ಡಿಗಳು ಬಾಡದಿರಲಿ ಅಂತ ಕಾಂಪೌಂಡಿನ ಮೇಲಿದ್ದ ಖಾಲಿ ಕುಂಡದ ಒದ್ದೆ ಮಣ್ಣಿಗೆ ಚುಚ್ಚಿಟ್ಟಿದ್ದೆ. ನಿಂತಿದ್ದ ಚೆಂದಕ್ಕೆ ಅಲ್ಲೇ ಬೆಳೆದದ್ದು ಅನ್ನಬೇಕು.

ಬೆಳಿಗ್ಗೆ ಮೇಷ್ಟ್ರು ಬಂದರು. ಎರಡು ಎಲೆ ಚಿವುಟಿ ಮೂಗಿಗೆ ಹಿಡಿದರು. ಇನ್ನೆರಡು ಕವರಿಗೆ ಹೋಯಿತು.

"ದವನ! ಇದಕ್ಕೇನ್ ಹಾಕಿದ್ರೀ?"

"ಇಪ್ಪತ್ತು ರೂಪಾಯಿ" ಅಂದೆ.

ಅವರು ತಲೆಯಾಡಿಸಿ ಮುಂದೆ ಹೋದರು. ಒಳಗಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು.