ಮೆಲ್ಬರ್ನಿನ ನವೆಂಬರ್, ರೈಗ್ರಾಸ್ ಹುಲ್ಲು ಮತ್ತು ನಾವು ‘ನೆಗಡಿ’ ಎಂದು ಕರೆಯುವುದು

ಬಯಲುಸೀಮೆಯಲ್ಲಿ ಬೆಳೆದವರಿಗೆ ಏಪ್ರಿಲ್ ಸಂಜೆಯ ಮೊದಲ ಗುಡುಗುಮಳೆಗಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಹನಿ ಬೀಳುವುದಕ್ಕೆ ಮೊದಲೇ ನುಗ್ಗಿ ಬರುವ ತಂಪು ಗಾಳಿಗೆ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಅಂಗಳದಲ್ಲಿ ನಿಂತು ಮಣ್ಣಿನ ವಾಸನೆಯನ್ನು ಎದೆತುಂಬ ಎಳೆದುಕೊಳ್ಳುವುದು ನಮ್ಮ ಮನೆಯಲ್ಲಿ ಎಲ್ಲರ ರೂಢಿಯಾಗಿತ್ತು. 2016ರ ನವೆಂಬರ್ 21ರ ಸೋಮವಾರ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಪಶ್ಚಿಮ ಅಂಚಿನ ಬಡಾವಣೆಯಲ್ಲಿದ್ದ ನಾವು ಮಾಡಿದ್ದೂ ಅದನ್ನೇ. ಅಂದು ಬಿಸಿಲು 35 ಡಿಗ್ರಿ ಮುಟ್ಟಿತ್ತು. ಹಗಲೆಲ್ಲ ಉತ್ತರದ ಬಿಸಿಗಾಳಿ ಬೀಸಿ, ಸಂಜೆ ಆರರ ಸುಮಾರಿಗೆ ಮೋಡ ಕವಿದು ಗಾಳಿ ತಿರುಗಿದಾಗ ನಾನೂ ನನ್ನ ಗಂಡನೂ ಹಿತ್ತಿಲಿಗೆ ಹೋಗಿ ನಿಂತೆವು. ಅರ್ಧ ಗಂಟೆಯೊಳಗೆ ಅವರಿಗೆ ಒಂದು ವಾಕ್ಯ ಮುಗಿಸುವಷ್ಟೂ ಉಸಿರು ಉಳಿದಿರಲಿಲ್ಲ.

ಅವರಿಗೆ ಆಸ್ತಮಾ ಇರಲಿಲ್ಲ, ಅಥವಾ ಇಲ್ಲವೆಂದು ನಾವು ತಿಳಿದಿದ್ದೆವು. ಮೂರು ವರ್ಷಗಳಿಂದ, ಇಲ್ಲಿ ವಸಂತಕಾಲವಾಗಿರುವ ಅಕ್ಟೋಬರ್ ಬಂದರೆ ಸಾಲುಸಾಲಾಗಿ ಸೀನು, ಕಣ್ಣಿನ ತುರಿಕೆ, ರಾತ್ರಿ ಒಣ ಕೆಮ್ಮು ಇರುತ್ತಿದ್ದವು. ಹವೆ ಒಗ್ಗಿಲ್ಲ, ನೆಗಡಿ ಎಂದುಕೊಂಡು ಊರಿನಿಂದ ತಂದ ಶೀತದ ಮಾತ್ರೆ ಮತ್ತು ಶುಂಠಿ ಕಷಾಯದಲ್ಲಿ ದಿನ ದೂಡಿದ್ದೆವು. ಆ ಸಂಜೆ ಪಕ್ಕದ ಮನೆಯ ಹಿರಿಯರು ತಮ್ಮ ಇನ್‌ಹೇಲರ್ ತಂದುಕೊಡದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಇಂದಿಗೂ ಧೈರ್ಯವಿಲ್ಲ. ನಗರದಲ್ಲಿ ಅಂಥ ಮನೆಗಳು ಸಾವಿರಾರು ಇದ್ದವು. ಸುಮಾರು 30 ಗಂಟೆಗಳಲ್ಲಿ ಉಸಿರಾಟದ ತೊಂದರೆಯಿಂದ ತುರ್ತು ಚಿಕಿತ್ಸಾ ವಿಭಾಗಗಳಿಗೆ ಬಂದವರ ಸಂಖ್ಯೆ ವಾಡಿಕೆಗಿಂತ 3,000ಕ್ಕೂ ಹೆಚ್ಚಾಗಿತ್ತು. ಹತ್ತು ಮಂದಿ ತೀರಿಕೊಂಡರು.

ಇದನ್ನು ಇಲ್ಲಿ ‘ಗುಡುಗುಮಳೆಯ ಆಸ್ತಮಾ’ ಎನ್ನುತ್ತಾರೆ. ನಗರದ ಉತ್ತರಕ್ಕೂ ಪಶ್ಚಿಮಕ್ಕೂ ಹಬ್ಬಿರುವ ಬಯಲುಗಳಲ್ಲಿ, ಯುರೋಪಿನಿಂದ ಬಂದ ವಲಸಿಗರು ದನ ಕುರಿಗಳ ಮೇವಿಗೆಂದು ತಂದು ಬಿತ್ತಿದ ರೈಗ್ರಾಸ್ ಹುಲ್ಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೂ ಬಿಡುತ್ತದೆ. ಅದರ ಪರಾಗದ ಕಣ ಸಾಕಷ್ಟು ದೊಡ್ಡದು. ಸಾಮಾನ್ಯ ದಿನಗಳಲ್ಲಿ ಮೂಗು ಮತ್ತು ಗಂಟಲಿನಲ್ಲಿಯೇ ಸಿಕ್ಕಿಕೊಂಡು ಸೀನು ತರಿಸುತ್ತದೆಯೇ ಹೊರತು ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಆದರೆ ಗುಡುಗು ಮೋಡದ ತೇವ ತಾಗಿದಾಗ ಆ ಕಣ ನೀರು ಕುಡಿದು ಒಡೆಯುತ್ತದೆ, ಒಂದೊಂದು ಕಣದಿಂದಲೂ ಅಲರ್ಜಿಯ ಪ್ರೋಟೀನನ್ನು ಹೊತ್ತ ನೂರಾರು ಪಿಷ್ಟದ ಹರಳುಗಳು ಹೊರಬೀಳುತ್ತವೆ, ಮತ್ತು ಒಂದೆರಡು ಮೈಕ್ರಾನ್ ಗಾತ್ರದ ಆ ಹರಳುಗಳನ್ನು ಮಳೆಗೆ ಮುಂಚೆ ನೆಲಕ್ಕೆ ಅಪ್ಪಳಿಸಿ ಹರಡುವ ಆ ತಂಪು ಗಾಳಿಯೇ ಜನರ ಮೂಗಿನ ಮಟ್ಟಕ್ಕೆ ತಂದು ಸುರಿಯುತ್ತದೆ. ಮೂಗು ತಡೆಯಲಾರದ ಆ ಹರಳುಗಳು ಸಣ್ಣ ಶ್ವಾಸನಾಳಗಳವರೆಗೆ ಇಳಿದಾಗ ನಾಳಗಳು ಬಿಗಿದುಕೊಳ್ಳುತ್ತವೆ. ನಾವು ಹಿತ್ತಿಲಿನಲ್ಲಿ ನಿಂತು ಖುಷಿಯಿಂದ ಎಳೆದುಕೊಂಡದ್ದು ಅದನ್ನು.

ಅಂದು ಆಸ್ಪತ್ರೆಗೆ ಬಂದವರಲ್ಲಿ ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾ ಮೂಲದವರ ಪ್ರಮಾಣ ಈ ನಗರದ ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಬಹಳ ಹೆಚ್ಚಾಗಿತ್ತು. ಬಂದವರಲ್ಲಿ ಬಹುಪಾಲು ಮಂದಿಗೆ ವಸಂತದ ಪರಾಗದ ಅಲರ್ಜಿ, ಅಂದರೆ ಹೇ ಫೀವರ್, ಮೊದಲೇ ಇತ್ತು. ಆಸ್ತಮಾ ಇದೆಯೆಂದು ಹಿಂದೆಂದೂ ವೈದ್ಯರಿಂದ ಕೇಳದವರೂ ಅವರಲ್ಲಿ ಅನೇಕರಿದ್ದರು. ಏಷ್ಯಾದಿಂದ ಬಂದ ವಲಸಿಗರಲ್ಲಿ ಇಲ್ಲಿ ನೆಲೆಸಿದ ವರ್ಷಗಳು ಹೆಚ್ಚಿದಂತೆ ಹೇ ಫೀವರ್ ಮತ್ತು ಆಸ್ತಮಾ ಎರಡೂ ಹೆಚ್ಚುವುದನ್ನು ಮೆಲ್ಬರ್ನಿನ ಸಂಶೋಧಕರು 1990ರ ದಶಕದಲ್ಲಿಯೇ ಗುರುತಿಸಿದ್ದರು. ಮೊದಲ ವಸಂತದಲ್ಲಿ ಏನೂ ಆಗಲಿಲ್ಲವೆಂದು ನಿಶ್ಚಿಂತರಾಗುವವರು, ದೇಹ ಈ ಹುಲ್ಲನ್ನು ಶತ್ರುವೆಂದು ಗುರುತಿಸಲು ಕೆಲವು ವರ್ಷ ತೆಗೆದುಕೊಳ್ಳುತ್ತದೆ ಎಂಬುದನ್ನು ನೆನಪಿಡಬೇಕು. ನನ್ನ ಗಂಡನ ಮೊದಲ ವಸಂತವೂ ಸುಖವಾಗಿಯೇ ಕಳೆದಿತ್ತು.

ಹವೆ ಬಿಸಿಯಾಗುತ್ತಿರುವುದಕ್ಕೂ ಇದಕ್ಕೂ ಇರುವ ನಂಟನ್ನು ನಾನು ಎಚ್ಚರಿಕೆಯಿಂದಲೇ ಹೇಳಬಯಸುತ್ತೇನೆ. ಮೆಲ್ಬರ್ನಿನಲ್ಲಿ ಇಂಥ ಘಟನೆಗಳು 1987 ಮತ್ತು 1989ರಲ್ಲಿಯೂ ನಡೆದಿದ್ದವು, ಆದ್ದರಿಂದ 2016ರ ಒಂದು ಸಂಜೆಯನ್ನು ಇಡಿಯಾಗಿ ತಾಪಮಾನ ಏರಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಆಸ್ಟ್ರೇಲಿಯಾದ ಈ ಭಾಗದಲ್ಲಿ ಚಳಿಗಾಲದ ಮಳೆ ಕೆಲವು ದಶಕಗಳಿಂದ ಇಳಿಮುಖವಾಗಿದೆ, ಮಳೆ ಕೈಕೊಟ್ಟ ವರ್ಷ ಹುಲ್ಲೂ ಬಡವಾಗುತ್ತದೆ, ಪರಾಗವೂ ಕಡಿಮೆಯಾಗುತ್ತದೆ. ಆದರೆ 2016ರಂತೆ ಚಳಿಗಾಲ ಮತ್ತು ವಸಂತದಲ್ಲಿ ಮಳೆ ಧಾರಾಳವಾಗಿ ಬಿದ್ದು, ಅದರ ಬೆನ್ನಿಗೇ ಬಿಸಿ ಏರಿದ ವರ್ಷದಲ್ಲಿ ಅಪಾಯದ ಅಂಶಗಳೆಲ್ಲ ಒಂದೆಡೆ ಕೂಡುತ್ತವೆ. ಈ ದೇಶ 1910ರಿಂದೀಚೆಗೆ ಸುಮಾರು 1.5 ಡಿಗ್ರಿ ಬಿಸಿಯಾಗಿದೆ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಆ ಆವಿಯೇ ಗುಡುಗುಮಳೆಗೆ ಬಲ. 1958ರ ಸುಮಾರಿಗೆ ಹತ್ತು ಲಕ್ಷಕ್ಕೆ 315 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ, ಮತ್ತು ಈ ಅನಿಲ ಹೆಚ್ಚಿದ ಗಾಳಿಯಲ್ಲಿ ಬೆಳೆದ ಹುಲ್ಲು ಹೆಚ್ಚು ಪರಾಗ ಬಿಡುವುದು ಪ್ರಯೋಗಗಳಲ್ಲಿ ಕಂಡಿದೆ. ಉತ್ತರ ಅಮೆರಿಕದಲ್ಲಂತೂ 1990ರಿಂದ 2018ರ ನಡುವೆ ಪರಾಗದ ಋತು ಸುಮಾರು 20 ದಿನ ಮುಂಚಿತವಾಗಿ ಆರಂಭವಾಗತೊಡಗಿದ್ದನ್ನೂ, ಪರಾಗದ ಪ್ರಮಾಣ ಶೇ. 21ರಷ್ಟು ಏರಿದ್ದನ್ನೂ ಅಳೆದು ತೋರಿಸಿದ್ದಾರೆ.

ಊರಿನಲ್ಲಿ ಇದೇ ಮಾತನ್ನು ಕಾಂಗ್ರೆಸ್ ಗಿಡದ ಬಗ್ಗೆ ಆಡಬೇಕು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ನಮ್ಮ ಹೊಲದ ಬದುಗಳನ್ನೆಲ್ಲ ಆಕ್ರಮಿಸಿದ ಪಾರ್ಥೇನಿಯಂ ಕೂಡ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹುಲುಸಾಗಿ ಬೆಳೆಯುವ ಗಿಡ. ಅದರ ಪರಾಗದಿಂದ ಬೆಂಗಳೂರಿನಲ್ಲಿ ಮೂಗು ಸೋರಿಸಿಕೊಂಡು ಓಡಾಡುವವರಲ್ಲಿ ಎಷ್ಟೋ ಜನ ತಮ್ಮದು ಬರೀ ನೆಗಡಿಯೆಂದೇ ನಂಬಿದ್ದಾರೆ. ಹೆಚ್ಚು ನೋವಾಗುವುದು, ವೈದ್ಯರು ಆಸ್ತಮಾ ಎಂದರೂ ಆ ಹೆಸರನ್ನು ಮನೆಯವರು ಒಪ್ಪದಿದ್ದಾಗ. ಮಗಳ ಮದುವೆಗೆ ಅಡ್ಡಿಯಾಗಬಹುದೆಂದೋ, ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದ ಚಟವಾಗುತ್ತದೆಂದೋ ಹೆದರಿ ಔಷಧಿಯನ್ನು ಕಪಾಟಿನಲ್ಲಿ ಬಚ್ಚಿಡುವ ಕುಟುಂಬಗಳನ್ನು ನಾನು ಇಲ್ಲಿಯೂ ಕಂಡಿದ್ದೇನೆ, ಊರಿನಲ್ಲಿಯೂ ಕಂಡಿದ್ದೇನೆ. ಇನ್‌ಹೇಲರ್ ಚಟವಲ್ಲ. ವೈದ್ಯರು ಬರೆದುಕೊಟ್ಟ ತಡೆ ಔಷಧಿಯನ್ನು ಉಬ್ಬಸವಿಲ್ಲದ ದಿನವೂ ತಪ್ಪದೆ ಎಳೆದುಕೊಂಡರೆ ಶ್ವಾಸನಾಳದ ಊತ ತಗ್ಗಿರುತ್ತದೆ.

2017ರಿಂದ ಇಲ್ಲಿನ ವಿಕ್ಟೋರಿಯಾ ರಾಜ್ಯ ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಗುಡುಗುಮಳೆಯ ಆಸ್ತಮಾದ ಮುನ್ಸೂಚನೆ ನೀಡುತ್ತಿದೆ. ಹಸಿರು, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳು. ಉಸಿರಾಟ ಸರಾಗಗೊಳಿಸುವ ನೀಲಿ ಇನ್‌ಹೇಲರ್ ಇಲ್ಲಿ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ಒಂದು ಅಡುಗೆಮನೆಯ ಡ್ರಾಯರಿನಲ್ಲಿ, ಒಂದು ಕಾರಿನಲ್ಲಿ ಇದೆ. ನಾಲ್ಕು ಸಲ ಒತ್ತುವುದು, ಪ್ರತಿ ಒತ್ತಿಗೂ ಸ್ಪೇಸರಿನಿಂದ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆಯಿಂದ) ನಾಲ್ಕು ಉಸಿರು ಎಳೆಯುವುದು, ನಾಲ್ಕು ನಿಮಿಷ ಕಾಯುವುದು, ಇಳಿಯದಿದ್ದರೆ ಇಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಿ ಮತ್ತೆ ನಾಲ್ಕು ಸಲ ಒತ್ತುವುದು: ಇದನ್ನು ಮಗನಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೇನೆ.

ಈ ನವೆಂಬರಿನಲ್ಲಿ ಅಮ್ಮ ಬಂದಿದ್ದಾರೆ. ಮೊನ್ನೆ ಮುನ್ಸೂಚನೆ ಕಿತ್ತಳೆಯಾಗಿತ್ತು, ಸಂಜೆ ಮೋಡ ಕಟ್ಟಿತು. “ಇಷ್ಟು ತಂಪು ಗಾಳಿ ಬೀಸುವಾಗ ಯಾರಾದರೂ ಕಿಟಕಿ ಮುಚ್ಚುತ್ತಾರೇನೇ?” ಎಂದು ಅವರು ಕೇಳಿದರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹುಲ್ಲಿನ ಕಥೆಯನ್ನೆಲ್ಲ ಹೇಳಿದೆ. ಗಾಜಿನ ಹಿಂದೆ ಕುಳಿತೇ ನಾವು ಮಳೆ ನೋಡಿದೆವು.